ಹೇಗ್ ನ್ಯಾಯಾಲಯದಲ್ಲಿ ನ್ಯಾಯಶಾಸ್ತ್ರ ವಿದ್ಯಾರ್ಥಿಗಳ ಕಾರ್ಯಶಿಕ್ಷಣ

ರಾಷ್ಟ್ರರಾಷ್ಟ್ರಗಳ ವ್ಯಾಜ್ಯಗಳನ್ನು ವಿಚಾರಿಸುವ ಅಂತರರಾಷ್ಟ್ರೀಯ ನ್ಯಾಯಾಲಯವು ಹೇಗ್ ನಗರದ ಶಾಂತಿಸೌಧದಲ್ಲಿರುವುದಷ್ಟೆ. ನ್ಯಾಯಶಾಸ್ತ್ರದಲ್ಲಿ ಆಗತಾನೆ ಪದವಿ ಪಡೆದವರನ್ನು ವಿಶ್ವವಿದ್ಯಾನಿಲಯಗಳು ಅಲ್ಲಿಗೆ ಕಳುಹಿಸಿ ಕೆಲಸ ಕಲಿಸುವ ಏರ್ಪಾಡು 1999ರಲ್ಲಿ ಮೊದಲಾಯಿತು. ಆಯ್ಕೆಯಾದವರು ಸುಮಾರು 10 ತಿಂಗಳ ಕಾಲ ನ್ಯಾಯಾಲಯದ 15 ಮಂದಿ ನ್ಯಾಯಾಧೀಶರಲ್ಲಿ ಒಬ್ಬೊಬ್ಬರ ಬಳಿ ಇರುವರು. ಬಹಿರಂಗ ವಿಚಾರಣೆಗಳಿಗೆ ಹಾಜರಾಗುವರು. ವ್ಯಾಜ್ಯಪತ್ರಗಳನ್ನು ಓದಿ, ನ್ಯಾಯವಿಷಯಗಳನ್ನು ಶೋಧಿಸಿ, ಟಿಪ್ಪಣಿಗಳನ್ನು ಸಿದ್ಧಪಡಿಸುವರು. ಗ್ರಂಥದಲ್ಲಿ ಕೇವಲ ತತ್ತ್ವವಾಗಿದ್ದುದು ಗಡಿಯ ವಿವಾದಕ್ಕೋ ಕಡಲಿನ ವಿವಾದಕ್ಕೋ ಹೇಗೆ ಅನ್ವಯಿಸುವುದೆಂಬುದು ಅವರಿಗೆ ಇಲ್ಲಿ ಪ್ರತ್ಯಕ್ಷವಾಗುತ್ತದೆ.

ಆದರೆ ಅವರ ಜೀವನವೆಚ್ಚವನ್ನೆಲ್ಲ ಕಳುಹಿಸುವ ವಿಶ್ವವಿದ್ಯಾನಿಲಯವೇ ವಹಿಸತಕ್ಕದ್ದೆಂದು ನಿಯಮವಿದ್ದಿತು. ಆದುದರಿಂದ ಯೋಗ್ಯತೆಯಿದ್ದರೂ ದ್ರವ್ಯಾನುಕೂಲವಿಲ್ಲದ ದೇಶಗಳ ವಿದ್ಯಾರ್ಥಿಗಳಿಗೆ ಈ ಅವಕಾಶವು ದುರ್ಲಭವಾಯಿತು. ಎಲ್ಲ ರಾಷ್ಟ್ರಗಳನ್ನೂ ಸಮಾನವಾಗಿ ಕಾಣಬೇಕಾದ ನ್ಯಾಯಪೀಠದ ಬಳಿಯಲ್ಲಿಯೇ ಈ ತಾರತಮ್ಯವು ಸಲ್ಲದು. ಇದನ್ನು ನೀಗಲು ಸಂಯುಕ್ತ ರಾಷ್ಟ್ರಗಳ ಮಹಾಸಭೆಯು 2020ರ ಡಿಸೆಂಬರ್ 14ರಂದು ಒಂದು ನಿಧಿಯನ್ನು ಸ್ಥಾಪಿಸಿತು. ಅಭಿವೃದ್ಧಿ ಹೊಂದುತ್ತಿರುವ ದೇಶಗಳ ವಿಶ್ವವಿದ್ಯಾನಿಲಯಗಳಿಂದ ಬರುವ ಆ ದೇಶಗಳ ಪ್ರಜೆಗಳಿಗೆ ಅದರಿಂದ ವೇತನವು ದೊರೆಯುತ್ತದೆ. ನಿಧಿಯು ದಾನಿಗಳು ಸ್ವಯಿಚ್ಛೆಯಿಂದ ಕೊಡುವ ಹಣದಿಂದಲೇ ನಡೆಯತಕ್ಕದ್ದು. ಕೊಡುಗೆ ನಿಂತರೆ ಬಡದೇಶದ ವಿದ್ಯಾರ್ಥಿಗೆ ತೆರೆದ ಬಾಗಿಲು ಮತ್ತೆ ಮುಚ್ಚುವುದು.