ಬಸ್ಸು ಹತ್ತು ನಿಮಿಷ ನಿಲ್ಲುತ್ತೆ, ತಿಂದದ್ದು ಹೊಟ್ಟೇಲಿ ನಿಲ್ಲಬೇಕಲ್ಲ!

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ. ಈ ನಾಲ್ಕರಲ್ಲಿ ಯಾವ ಊರಿನ ಬಸ್ ನಿಲ್ದಾಣವಾದರೂ ಸರಿ, ಬೆಳಿಗ್ಗೆ ಎಂಟರ ಮೇಲೆ ಒಂದು ಗಳಿಗೆ ನಿಂತು ನೋಡಿ. ಮನೆಯಲ್ಲಿ ಒಲೆ ಹಚ್ಚುವ ಮುಂಚೆಯೇ ಹೊರಟ ನೌಕರ, ಅಂಗಡಿ ಬಾಗಿಲು ತೆಗೆದು ಊದುಬತ್ತಿ ಹಚ್ಚಿ ಬಂದ ವರ್ತಕ, ಆಸ್ಪತ್ರೆಗೆ ಬಂದ ಹಳ್ಳಿ ಅಜ್ಜಿ, ಕಾಲೇಜು ಹುಡುಗ ಎಲ್ಲರೂ ಹೋಟೆಲಿನ ಮುಂದೆ. ಹಬ್ಬಕ್ಕೊಂದು, ಸಂತೆಗೊಂದು ಸಲ ಹೋಟೆಲಿಗೆ ಹೋಗುತ್ತಿದ್ದ ಕಾಲ ಹೋಯಿತು. ವಾರಕ್ಕೆ ಆರು ದಿನ ಹೊರಗೆ ತಿನ್ನುವವರಿಗೆ ಹೋಟೆಲೇ ಅಡಿಗೆಮನೆ. ಅಂದಮೇಲೆ ಆ ಅಡಿಗೆಮನೆಯ ಯಜಮಾನಿಕೆ ಗಿರಾಕಿಯ ಕೈಯಲ್ಲೂ ಒಂದಿಷ್ಟು ಇರಬೇಡವೇ?

ಇದೆ ಸ್ವಾಮಿ. ನಾವು ಬಳಸುತ್ತಿಲ್ಲ, ಅಷ್ಟೆ.

ಕೆಂಪು ಕೇಳಿದವರು ಯಾರು?

2024ರ ಮಾರ್ಚಿಯಲ್ಲಿ ರಾಜ್ಯದ ಆಹಾರ ಸುರಕ್ಷತಾ ಇಲಾಖೆಯ ಪರೀಕ್ಷೆಯ ಫಲಿತಾಂಶ ಹೊರಬಿತ್ತು. ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107 ತಿನ್ನಲು ಯೋಗ್ಯವಲ್ಲ, ಕಾರಣ ಕೃತಕ ಬಣ್ಣ. ಸರ್ಕಾರ ಗೋಬಿಗೆ ಬಣ್ಣ ಹಾಕುವುದನ್ನು ನಿಷೇಧಿಸಿತು. ಅದೇ ಜೂನಿನಲ್ಲಿ ಕಬಾಬಿಗೂ ಅದೇ ಗತಿಯಾಯಿತು. 2025ರ ಫೆಬ್ರವರಿಯಲ್ಲಿ ಇಡ್ಲಿ ಸರದಿ: ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುವುದು ಪತ್ತೆಯಾಗಿ, ಅದಕ್ಕೂ ನಿಷೇಧ ಬಿತ್ತು.

ಹೋಟೆಲಿನವರನ್ನು ಬೈಯುವುದು ಸುಲಭ. ಆದರೆ ಗೋಬಿ ಬಿಳಿಚಿಕೊಂಡಿದೆ ಎಂದು ತಟ್ಟೆ ತಳ್ಳಿ ಪಕ್ಕದ ಗಾಡಿಗೆ ಹೋದವರು ಯಾರು? ನಾವೇ. ಕಾಸು ಖರ್ಚು ಮಾಡಿ ಬಣ್ಣ ಹಾಕುವ ಚಪಲ ಅಡಿಗೆಯವನಿಗೇನಿಲ್ಲ, ಗಿರಾಕಿ ಕಣ್ಣಲ್ಲಿ ತಿನ್ನುತ್ತಾನೆ ಎಂದು ಅವನಿಗೆ ಗೊತ್ತು. 'ಕಲರ್ ಹಾಕಬೇಡಿ' ಎಂದು ದಿನಕ್ಕೆ ಹತ್ತು ಜನ ಹೇಳಲಿ, ಡಬ್ಬಿ ತಾನಾಗಿ ಮೂಲೆ ಸೇರುತ್ತದೆ.

ಕೂರುವ ಮುಂಚೆ ಒಂದು ನೋಟ

ಗಲ್ಲಾದ ಹತ್ತಿರ 14 ಅಂಕಿಯ ಪರವಾನಗಿ ಅಥವಾ ನೋಂದಣಿ ಸಂಖ್ಯೆ ಕಾಣುವಂತೆ ಹಾಕಿರಬೇಕು. ನೋಡಿ. ಆಮೇಲೆ ವಡೆ ಬೇಯುವ ಬಾಂಡಲೆಯತ್ತ ಕಣ್ಣು ಹಾಯಿಸಿ. ಕರಿದು ಕರಿದು ಕೆಟ್ಟ ಎಣ್ಣೆಯನ್ನು ಅಳೆಯಲು ಕಾನೂನಿನಲ್ಲಿ ಒಂದು ಲೆಕ್ಕವಿದೆ. ಎಣ್ಣೆಯಲ್ಲಿ ಹುಟ್ಟುವ ಕೆಟ್ಟ ಅಂಶ ನೂರಕ್ಕೆ 25 ದಾಟಿದರೆ 2018ರ ಜುಲೈಯಿಂದ ಅದನ್ನು ಬಳಸುವಂತಿಲ್ಲ. ನಮ್ಮ ಹತ್ತಿರ ಯಂತ್ರವಿಲ್ಲ, ಕಣ್ಣು ಮೂಗು ಇವೆ. ಎಣ್ಣೆ ಕಪ್ಪಾಗಿ ಮಂದವಾಗಿದ್ದರೆ, ನೊರೆ ಎದ್ದು ಹೊಗೆಯಾಡುತ್ತಿದ್ದರೆ, ಗಬ್ಬು ವಾಸನೆ ಬಂದರೆ, ಅವತ್ತು ಇಡ್ಲಿಯೇ ಲೇಸು.

ಬೋಂಡ ಕಟ್ಟಿಸಿಕೊಳ್ಳುವವರಿಗೂ ಒಂದು ಮಾತು. ಪತ್ರಿಕೆ ಓದುವುದಕ್ಕೆ, ಬೋಂಡದ ಎಣ್ಣೆ ಹಿಂಡುವುದಕ್ಕಲ್ಲ. ಅಚ್ಚಿನ ಮಸಿ ತಿಂಡಿಗೆ ಇಳಿಯುತ್ತದೆ. ಅಂಗಡಿಯವರು ಸಾಂಬಾರು ತರಿಸುವಾಗ ಪ್ಲಾಸ್ಟಿಕ್ ಕವರಿನ ಬದಲು ಹುಡುಗನ ಕೈಗೆ ಸ್ಟೀಲ್ ಕ್ಯಾರಿಯರ್ ಕೊಟ್ಟು ಕಳಿಸಿದರೆ ಗಂಟೇನು ಹೋಗುತ್ತದೆ?

ಬಿಸಿಗೆ ಸಮನಿಲ್ಲ

ಬೇಯಿಸಿದ ಪದಾರ್ಥ 60 ಡಿಗ್ರಿಗಿಂತ ಕೆಳಗೆ ಬೆಚ್ಚಗೆ ಕೂತರೆ ರೋಗಾಣುಗಳಿಗೆ ಅದೇ ಔತಣ. ಅನ್ನದ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಗಂಟೆಗಟ್ಟಲೆ ಹಾಗೇ ಇಟ್ಟ ಅನ್ನದಲ್ಲಿ ಬೆಳೆಯುವ ಒಂದು ಜಾತಿಯ ರೋಗಾಣು ಬಿಡುವ ವಿಷ, ಮತ್ತೆ ಬಿಸಿ ಮಾಡಿದರೂ ಸಾಯುವುದಿಲ್ಲ. ಕೆ.ಆರ್.ನಗರ ಭತ್ತದ ಸೀಮೆ, ಅನ್ನಕ್ಕೆ ಬರವಿಲ್ಲ ನಿಜ. ಹಾಗಂತ ಬೆಳಗಿನ ಚಿತ್ರಾನ್ನ ಮಧ್ಯಾಹ್ನ ಮೂರಕ್ಕೆ ಒಗ್ಗರಣೆ ಹಾಕಿಸಿಕೊಂಡು ಬಂದರೆ ಬೇಡ ಅನ್ನಿ. ಹಸಿ ತೆಂಗಿನಕಾಯಿ ಚಟ್ನಿಗೂ ಇದೇ ಮಾತು.

ಬೈಲುಕುಪ್ಪೆಯಲ್ಲಿ ಮೊಮೊ ತಿನ್ನುವವರು ಹಬೆಯಲ್ಲಿ ಬೆಂದದ್ದು ಕೇಳಿ, ಕರಿದದ್ದು ಬಿಡಿ. ನೀರಿನ ಬಗ್ಗೆಯೂ ಕೇಳಿ: ಕುದಿಸಿ ಆರಿಸಿದ್ದೋ, ಬರೀ ಉಗುರು ಬೆಚ್ಚಗೆ ಮಾಡಿದ್ದೋ? ಎರಡಕ್ಕೂ ಅಜಗಜಾಂತರ.

ತಟ್ಟೆಯ ಲೆಕ್ಕ

ಲಾಭ ನಷ್ಟದ ಲೆಕ್ಕ ಅಂಗಡಿಯವರಿಗೆ ಹೇಳಿಕೊಡಬೇಕಾಗಿಲ್ಲ. ಬಂದ ಏಜೆಂಟರಿಗೆಲ್ಲ ಜೊತೆ ಕೊಟ್ಟು ದಿನಕ್ಕೆ ಐದು ಕಾಫಿ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ, ಚಮಚಕ್ಕೆ ನಾಲ್ಕು ಗ್ರಾಂ. ಆಯಿತು ನಲವತ್ತು ಗ್ರಾಂ! ದಿನಕ್ಕೆ 25 ಗ್ರಾಮಿನ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಪ್ಪು ದಿನಕ್ಕೆ ಐದೇ ಗ್ರಾಂ ಸಾಕು. ಉಪ್ಪಿನಕಾಯಿ, ಹಪ್ಪಳ, ಎರಡನೇ ಬಟ್ಟಲು ಸಾಂಬಾರು ಸೇರಿದರೆ ಒಂದೇ ಊಟದಲ್ಲಿ ಆ ಲೆಕ್ಕ ಚುಕ್ತಾ ಆಗುವುದು ಕಷ್ಟವೇನಲ್ಲ. 'ಸಕ್ಕರೆ ಕಡಿಮೆ, ಅರ್ಧ ಕಾಫಿ' ಅಂದರೆ ಯಾವ ಮಾಣಿಯೂ ಕೋಪಿಸಿಕೊಳ್ಳುವುದಿಲ್ಲ.

ಮಧ್ಯಾಹ್ನಕ್ಕೆ ನಮ್ಮ ಕಡೆಯ ಮುದ್ದೆಯನ್ನು ಮೀರಿಸುವುದು ಯಾವುದಿದೆ? ನೂರು ಗ್ರಾಂ ರಾಗಿಯಲ್ಲಿ ಮುನ್ನೂರೈವತ್ತು ಮಿಲಿಗ್ರಾಮಿಗಿಂತ ಹೆಚ್ಚು ಸುಣ್ಣದ ಅಂಶವಿದೆ. ಬಿಳಿ ಅಕ್ಕಿಯಲ್ಲಿ ಹತ್ತೂ ಇಲ್ಲ. ಕೋಟೆ, ಹುಣಸೂರಿನ ಮೆಸ್ಸುಗಳಲ್ಲಿ ಮುದ್ದೆ, ಸೊಪ್ಪಿನ ಸಾರು ಸಿಗುವಾಗ ಮೈದಾದ ಪರೋಟಕ್ಕೆ ಬೆನ್ನುಹತ್ತುವುದೇಕೆ? ಎರಡನೇ ಸಲ ಬಡಿಸಲು ಬಂದಾಗ ಅನ್ನದ ಬದಲು ಪಲ್ಯ ಕೇಳಿ.

ಜಗಳ ಬೇಡ, ಹಕ್ಕಿದೆ

ಊಟ ಕೆಟ್ಟಿದ್ದರೆ ಮೊದಲು ಗಲ್ಲಾದಲ್ಲಿ ಕೂತವರಿಗೆ ಮೆತ್ತಗೆ ಹೇಳಿ. ಕೇಳದಿದ್ದರೆ ಆಹಾರ ಸುರಕ್ಷತಾ ಅಧಿಕಾರಿಗೆ ದೂರು ಕೊಡಿ. ಬಿಲ್ ಇಟ್ಟುಕೊಂಡಿರಿ. 2006ರ ಆಹಾರ ಸುರಕ್ಷತೆ ಕಾಯಿದೆಯ 40ನೇ ಕಲಮಿನ ಪ್ರಕಾರ, ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸುವ ಹಕ್ಕು ಸಾಮಾನ್ಯ ಗಿರಾಕಿಗೂ ಇದೆ. ಕೊಳ್ಳುವಾಗಲೇ ಮಾಲೀಕರಿಗೆ ಹಾಗೆಂದು ತಿಳಿಸಬೇಕು. ಮಾಲು ಕೆಟ್ಟದ್ದೆಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸ್.

ಹೋಟೆಲಿನವರಿಗೂ ಕಷ್ಟ ಇದೆ, ಒಪ್ಪೋಣ. ಗ್ಯಾಸಿನ ಬೆಲೆ, ಎಣ್ಣೆಯ ಬೆಲೆ, ಕೆಲಸಕ್ಕೆ ಆಳು ಸಿಗದ ಪರದಾಟ. ಆದರೂ ಎಣ್ಣೆ ಬದಲಿಸಿ, ಬಣ್ಣ ಬಿಟ್ಟು, ಇಡ್ಲಿಗೆ ಬಟ್ಟೆಯನ್ನೇ ಹಾಸುವ ಹೋಟೆಲುಗಳು ನಮ್ಮಲ್ಲೂ ಇವೆ. ಅಂಥ ಕಡೆ ಎರಡು ರೂಪಾಯಿ ಹೆಚ್ಚಾದರೂ ಅಲ್ಲೇ ಹೋಗಿ ಕೂತರೆ, ಪ್ರಾಮಾಣಿಕ ಹೋಟೆಲು ಉಳಿಯುತ್ತದೆ, ಪಕ್ಕದವನಿಗೆ ಪಾಠವೂ ಆಗುತ್ತದೆ. ಇಲಾಖೆಯವರು ಬರುವುದು ಯಾವತ್ತೋ ಒಂದು ದಿನ. ಗಿರಾಕಿ ಬರುವುದು ದಿನಾ.

ನಾಳೆ ಬಸ್ಸಿಳಿದು ಹೋಟೆಲು ಹೊಕ್ಕಾಗ 'ಏನಿದೆ?' ಎಂದು ಕೇಳಬೇಡಿ. 'ಅಣ್ಣಾ, ಈಗ ಬಿಸಿ ಇಳಿದದ್ದು ಯಾವುದು?' ಎಂದು ಕೇಳಿ.