ದೊಡ್ಡ ಟ್ರ್ಯಾಕ್ಟರ್ ಬೇಕಾ? ಸಹಿ ಹಾಕೋ ಮುಂಚೆ ಲೆಕ್ಕ ಹಾಕಿ!

‘ಮೇಡಂ, ಇಲ್ಲೊಂದು ಸೈನ್ ಹಾಕಿಬಿಡಿ...’

2025ರ ದೀಪಾವಳಿಗೆ ಎರಡು ದಿನ ಇತ್ತು. ಮೈಸೂರಿನ ಒಂದು ಟ್ರ್ಯಾಕ್ಟರ್ ಶೋರೂಮಿನಲ್ಲಿ ನಾನು, ನಮ್ಮವರು ಕೂತಿದ್ದೆವು. ಒಂದೂವರೆ ಗಂಟೆಯಿಂದ ಅಲ್ಲಿದ್ದವರೆಲ್ಲ ಮಾತಾಡಿದ್ದು ನಮ್ಮವರ ಹತ್ತಿರ ಮಾತ್ರ. ಎಷ್ಟು ಎಚ್‌ಪಿ, ಎಷ್ಟು ಗೇರು, ಪವರ್ ಸ್ಟೀರಿಂಗ್ ಇದೆಯಾ, ಹಳೇ ಗಾಡಿಗೆ ಎಕ್ಸ್‌ಚೇಂಜ್ ಎಷ್ಟು... ನನಗೆ ಸಿಕ್ಕಿದ್ದು ಒಂದು ಲೋಟ ಟೀ. ಕೊನೆಗೆ ಪೆನ್ನು ಮಾತ್ರ ನನ್ನ ಕೈಗೆ ಬಂತು. ಯಾಕೆ ಗೊತ್ತಾ? ಸಾಲಕ್ಕೆ ಜಮೀನು ಅಡ ಇಡಬೇಕಿತ್ತು. ಜಮೀನಿನ ಪಹಣಿ ಇದ್ದದ್ದು ನನ್ನ ಹೆಸರಿನಲ್ಲಿ!

ನಂಜನಗೂಡು ತಾಲೂಕಿನಲ್ಲಿ ಅಪ್ಪ ನನಗೆ ಕೊಟ್ಟ ನಾಲ್ಕು ಎಕರೆ ಅದು. ಎರಡು ಎಕರೆ ತೆಂಗು, ನಡುವೆ ಬಾಳೆ. ಉಳಿದದ್ದರಲ್ಲಿ ರಾಗಿ, ಹುರುಳಿ, ಅವರೆ. ವಾರವೆಲ್ಲಾ ಮೈಸೂರು, ಶನಿವಾರ-ಭಾನುವಾರ ತೋಟ. ಉಳಿದ ದಿನ ನೋಡಿಕೊಳ್ಳಲು ಅಲ್ಲೇ ಇರುವ ಹಿರಿಯರೊಬ್ಬರಿದ್ದಾರೆ, ಮಗಳು ಅವರನ್ನು ತಾತ ಅಂತಾಳೆ. ನಾಲ್ಕು ವರ್ಷದ ಹಿಂದೆ ಕೊಂಡ 18 ಎಚ್‌ಪಿಯ ಸೆಕೆಂಡ್ ಹ್ಯಾಂಡ್ ಟ್ರ್ಯಾಕ್ಟರ್ ಒಂದಿದೆ. ಅದನ್ನು ಕೊಟ್ಟು 45 ಎಚ್‌ಪಿಯದ್ದು ತರಬೇಕು ಅನ್ನೋದು ನಮ್ಮವರ ಆಸೆ.

ಕರ್ನಾಟಕದಲ್ಲಿ 2020ರಲ್ಲಿ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ಆಗಿ, ಕೃಷಿಕರಲ್ಲದವರೂ ಕೃಷಿ ಭೂಮಿ ಕೊಳ್ಳುವ ಹಾಗಾಯಿತು. ನನ್ನ ಗೆಳತಿಯರಲ್ಲೇ ಈಗ ಇಬ್ಬರಿಗೆ ‘ವೀಕೆಂಡ್ ತೋಟ’ ಇದೆ. ಇವತ್ತಲ್ಲ ನಾಳೆ ಅವರ ಮನೆಯಲ್ಲೂ ಈ ಮಾತು ಬಂದೇ ಬರುತ್ತದೆ. ಅದಕ್ಕೇ ನಾನು ಕಲಿತದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಪೆನ್ನು ಕೆಳಗಿಟ್ಟು, ‘ಒಂದು ವಾರ ಟೈಮ್ ಕೊಡಿ’ ಅಂದೆ. ನಮ್ಮವರ ಮುಖ ಸಣ್ಣಗಾಯಿತು. ಇರಲಿ, ಒಂದು ವಾರದ ಮುನಿಸು ಐದು ವರ್ಷದ ಕಂತಿಗಿಂತ ಹಗುರ!

ಮೀಟರ್ ಸುಳ್ಳು ಹೇಳೋಲ್ಲ

ಕಾರಿಗೆ ಕಿಲೋಮೀಟರ್ ಇದ್ದ ಹಾಗೆ ಟ್ರ್ಯಾಕ್ಟರಿಗೆ ಗಂಟೆ ಲೆಕ್ಕದ ಮೀಟರ್ ಇರುತ್ತದೆ. ಎಂಜಿನ್ ಎಷ್ಟು ಗಂಟೆ ಓಡಿದೆ ಅಂತ ಅದು ತೋರಿಸುತ್ತದೆ. ನಾವು ಕೊಂಡಾಗ ಬರೆಸಿಕೊಂಡ ಕಾಗದದಲ್ಲಿ 1,240 ಅಂತ ಇತ್ತು. ಆ ಭಾನುವಾರ ಹೋಗಿ ನೋಡಿದರೆ 1,492. ನಾಲ್ಕು ವರ್ಷಕ್ಕೆ 252 ಗಂಟೆ, ಅಂದರೆ ವರ್ಷಕ್ಕೆ ಬರೀ 63 ಗಂಟೆ! ‘ದಿನಾ ಕೆಲಸ ಇರುತ್ತೆ ಕಣೇ’ ಅನ್ನುತ್ತಿದ್ದ ನಮ್ಮವರೂ ಎರಡು ಸಲ ಬಗ್ಗಿ ನೋಡಿದರು.

ಈ 63 ಗಂಟೆಯಲ್ಲಿ ಏನೇನು ಮಾಡಿದೆವು? ತಾತನನ್ನು ಕೂರಿಸಿಕೊಂಡು ಅಂದಾಜು ಬರೆದೆ. ತೆಂಗು-ಬಾಳೆ ಸಾಲಿನ ಉಳುಮೆ 30 ಗಂಟೆ. ಗೊಬ್ಬರ, ಕಾಯಿ, ಹುಲ್ಲು ಸಾಗಿಸಲು ಟ್ರೈಲರ್ 20 ಗಂಟೆ. ಔಷಧಿ ಸಿಂಪಡಣೆ, ಚಿಲ್ಲರೆ ಕೆಲಸ 13 ಗಂಟೆ. ಇದೆಲ್ಲ ಸಣ್ಣ ಟ್ರ್ಯಾಕ್ಟರ್ ಮಾಡಿದ ಕೆಲಸವೇ.

ಅದರ ಕೈಲಿ ಆಗದೇ ಇದ್ದದ್ದು? ಮುಂಗಾರಿಗೆ ಮುಂಚಿನ ಆಳ ಉಳುಮೆ ಮತ್ತು ಮೂಲೆಯಲ್ಲಿರುವ ಅರ್ಧ ಎಕರೆ ಎರೆಮಣ್ಣಿನ ಕೆಲಸ. ಅದಕ್ಕೆ ಊರಿನ ದೊಡ್ಡ ಟ್ರ್ಯಾಕ್ಟರ್ ಕರೆಸುತ್ತೇವೆ. ಹಾಲಿನ ಲೆಕ್ಕ, ಸಿಲಿಂಡರ್ ತಾರೀಖು ಬರೆಯುವ ನನ್ನ ಕ್ಯಾಲೆಂಡರಿನಲ್ಲಿ ಅದೂ ಇತ್ತು. ಒಂದು ವರ್ಷಕ್ಕೆ 9 ಗಂಟೆ, ಡೀಸೆಲ್ಲು, ಡ್ರೈವರು ಎಲ್ಲಾ ಸೇರಿ ಗಂಟೆಗೆ 1,200 ರೂಪಾಯಿ. ಒಟ್ಟು 10,800.

ಈಗ ಆಚೆ ಕಡೆ ನೋಡಿ. ಹೊಸ ಗಾಡಿ, ಜೊತೆಗೆ ಆರಡಿ ರೊಟಾವೇಟರ್ ಸೇರಿ 8 ಲಕ್ಷ 70 ಸಾವಿರ. ಹಳೆಯದಕ್ಕೆ 1 ಲಕ್ಷ 70 ಸಾವಿರ ಕಳೆದು, ಮಗಳ ಕಾಲೇಜಿಗೆ ಅಂತ ಇಟ್ಟ ಎಫ್‌ಡಿಯಿಂದ 2 ಲಕ್ಷ ತೆಗೆದು, ಉಳಿದ 5 ಲಕ್ಷಕ್ಕೆ ಸಾಲ. ಶೇ. 11 ಬಡ್ಡಿ, ಐದು ವರ್ಷ, ಆರು ತಿಂಗಳಿಗೊಂದು ಕಂತು. ಕಂತು ಎಷ್ಟು ಗೊತ್ತೇ? 66 ಸಾವಿರದ ಚಿಲ್ಲರೆ! ವರ್ಷಕ್ಕೆ 1 ಲಕ್ಷ 32 ಸಾವಿರ ದಾಟುತ್ತದೆ. ನಮ್ಮ 63 ಗಂಟೆ, ಬಾಡಿಗೆಯ 9 ಗಂಟೆ ಸೇರಿಸಿ 72 ಗಂಟೆಗೆ ಹಂಚಿದರೆ ಗಂಟೆಗೆ 1,840 ರೂಪಾಯಿ. ಡೀಸೆಲ್, ವಿಮೆ, ಸರ್ವಿಸ್ ಬೇರೆ. ಡ್ರೈವರ್ ಸಮೇತ ಬರುವ ಬಾಡಿಗೆ ಗಾಡಿಗಿಂತ ನಮ್ಮದೇ ಗಾಡಿ ದುಬಾರಿ!

‘ಐದು ವರ್ಷ ಆದ್ಮೇಲೆ ಗಾಡಿ ನಮ್ಮದೇ ಅಲ್ವಾ?’ ಅಂದರು ಇವರು. ಹೌದು, ಅದೂ ನ್ಯಾಯವಾದ ಮಾತೇ. ಆದರೆ ಅಷ್ಟರಲ್ಲಿ ಬಡ್ಡಿಯೇ 1 ಲಕ್ಷ 63 ಸಾವಿರ ಕಟ್ಟಿರುತ್ತೇವೆ, ಗಾಡಿಯ ಬೆಲೆಯೂ ಇಳಿದಿರುತ್ತದೆ.

ಎಚ್‌ಪಿ ನೋಡೋ ಮುಂಚೆ ಸಾಲು ಅಳೆಯಿರಿ

ಹಣದ ಮಾತು ಬಿಡಿ, ದೊಡ್ಡ ಗಾಡಿ ತೋಟದೊಳಗೆ ಹೋಗುತ್ತದಾ? ನಾನು ಬ್ಲೌಸ್ ಹೊಲಿಯುವ ಟೇಪು ಹಿಡಿದೇ ಹೋದೆ! ತೆಂಗಿನ ಸಾಲಿನ ನಡುವೆ 27 ಅಡಿ ಇದೆ, ಅದೇನೋ ಧಾರಾಳ. ಆದರೆ ಬಾಳೆ ಸಾಲಿನ ನಡುವೆ ಇರುವುದು ಆರೇ ಅಡಿ. ಆರಡಿ ರೊಟಾವೇಟರ್ ಕಟ್ಟಿದ ಗಾಡಿ ಅಲ್ಲಿ ಹೋದರೆ ಬಾಳೆಗಿಡ ಉಳಿಯುತ್ತದಾ? ನಮ್ಮ ಸಣ್ಣದು ಮೂರೂವರೆ ಅಡಿ, ಸಲೀಸಾಗಿ ಹೋಗಿ ಬರುತ್ತದೆ. ಅಡಿಕೆ ತೋಟ ಇದ್ದವರೂ ಇದನ್ನು ಗಮನಿಸಿ. ಅಡಿಕೆಗೆ ಸಾಮಾನ್ಯವಾಗಿ ಒಂಬತ್ತು ಅಡಿ ಅಂತರ ಬಿಡುತ್ತಾರೆ. ದೊಡ್ಡ ಗಾಡಿಗೆ ಅಲ್ಲಿ ತಿರುಗಲೂ ಜಾಗ ಇರೋಲ್ಲ.

ತೂಕವನ್ನೂ ನೋಡಿ. 45 ಎಚ್‌ಪಿ ಗಾಡಿ ಹತ್ತಿರ ಹತ್ತಿರ ಎರಡು ಟನ್ ತೂಗುತ್ತದೆ, ಸಣ್ಣದು ಅದರ ಅರ್ಧ. ಮಣ್ಣು ಹಸಿ ಇದ್ದಾಗ ಅಷ್ಟು ಭಾರ ಓಡಾಡಿದರೆ ನೆಲ ಗಟ್ಟಿಯಾಗಿ ನೀರು ಇಂಗೋದಿಲ್ಲ. ಡ್ರಿಪ್ ಪೈಪಿನ ಗತಿಯಂತೂ ಕೇಳಲೇಬೇಡಿ.

ಇನ್ನೊಂದು ಗುಟ್ಟು. ಪುಸ್ತಿಕೆಯಲ್ಲಿ ದಪ್ಪಕ್ಷರದಲ್ಲಿ ಹಾಕುವುದು ಎಂಜಿನ್ ಎಚ್‌ಪಿ. ರೊಟಾವೇಟರ್ ತಿರುಗಿಸುವುದು ಪಿಟಿಒ ಎಚ್‌ಪಿ, ಅದು ಎಂಜಿನ್‌ದಕ್ಕಿಂತ ಕಡಿಮೆ ಇರುತ್ತದೆ. ಅದನ್ನು, ಜೊತೆಗೆ ಹಿಂದಿನ ಲಿಫ್ಟ್ ಎಷ್ಟು ಕಿಲೋ ಎತ್ತುತ್ತದೆ ಅನ್ನುವುದನ್ನು ಕೇಳಿ ಬರೆದುಕೊಳ್ಳಿ. ಗೊಬ್ಬರ, ಮಣ್ಣು ಸಾಗಿಸುವುದೇ ನಿಮ್ಮ ಮುಖ್ಯ ಕೆಲಸವಾದರೆ, ಎಚ್‌ಪಿ ಹೆಚ್ಚಿಸುವ ಬದಲು ನಾಲ್ಕೂ ಚಕ್ರ ಎಳೆಯುವ ಫೋರ್ ವೀಲ್ ಡ್ರೈವ್ ಸಣ್ಣ ಗಾಡಿಯನ್ನೂ ಓಡಿಸಿ ನೋಡಿ. ಕೆಸರಿನಲ್ಲಿ ಅದು ಸುಲಭಕ್ಕೆ ಜಾರೋಲ್ಲ.

ಆ ದಿನ ನೆನೆದರೆ ಈಗಲೂ ನಡುಕ

ಈ ವಿಷಯವನ್ನು ಬರೆಯಬೇಕೋ ಬೇಡವೋ ಅಂತ ಯೋಚಿಸಿದೆ. ಆದರೆ ಬರೆಯಲೇಬೇಕು.

ಶೋರೂಮಿಗೆ ಹೋಗುವ ಎರಡು ತಿಂಗಳ ಮುಂಚೆ, ಒಣಗಿ ಬಿದ್ದ ತೆಂಗಿನ ಮರದ ಬೊಡ್ಡೆಯನ್ನು ಗೇಟಿನ ಹೊರಗೆ ಎಳೆಯುತ್ತಿದ್ದರು ಇವರು. ಸರಪಳಿಯನ್ನು ಟ್ರ್ಯಾಕ್ಟರಿನ ಹಿಂದೆ ಕೆಳಗಿರುವ ಹುಕ್ಕಿಗೆ ಕಟ್ಟುವ ಬದಲು, ಕೈಗೆಟುಕಿದ ಮೇಲಿನ ಕೊಂಡಿಗೆ ಕಟ್ಟಿದ್ದರು. ಬೊಡ್ಡೆ ಬದುವಿಗೆ ಸಿಕ್ಕಿಕೊಂಡಿತು. ಇವರು ಆಕ್ಸಿಲರೇಟರ್ ಜಾಸ್ತಿ ಮಾಡಿದರು. ಅಷ್ಟೇ, ಮುಂದಿನ ಎರಡೂ ಚಕ್ರ ಗಾಳಿಯಲ್ಲಿ! ಕ್ಲಚ್ ತುಳಿದದ್ದರಿಂದ ಧಡ್ ಅಂತ ಕೆಳಗೆ ಬಿತ್ತು. ಇನ್ನೊಂದು ಕ್ಷಣ ತಡವಾಗಿದ್ದರೆ ಗಾಡಿ ಹಿಂದಕ್ಕೆ ಮಗುಚಿ ಇವರ ಮೇಲೇ ಬೀಳುತ್ತಿತ್ತು. ಅಲ್ಲಿಯವರೆಗೂ ಮಡ್‌ಗಾರ್ಡ್ ಮೇಲೆ ಕೂತಿದ್ದ ಮಗಳು, ಗೇಟು ತೆಗೆಯಲು ಆಗಷ್ಟೇ ಇಳಿದಿದ್ದಳು...

‘ಗಾಡಿ ಸಣ್ಣದಾಯ್ತು, ಅದಕ್ಕೇ ಹೀಗಾಗಿದ್ದು. ದೊಡ್ಡದು ತಗೊಳ್ಳೋಣ’ ಅಂದರು ಇವರು. ನಾನೂ ನಂಬಿದ್ದೆ. ಶೋರೂಮಿನವರೆಗೆ ಹೋಗಿದ್ದೂ ಆ ಭಯದಿಂದಲೇ. ಆದರೆ ಟೈಮ್ ತೆಗೆದುಕೊಂಡ ಆ ವಾರದಲ್ಲಿ ಹಳೇ ಮೆಕಾನಿಕ್ ಒಬ್ಬರನ್ನು ಕೇಳಿದೆ. ‘ಅಕ್ಕಾ, ಮೇಲಿನ ಕೊಂಡಿಗೆ ಕಟ್ಟಿ ಎಳೆದ್ರೆ ಎಂಥಾ ಗಾಡಿನೂ ಎದ್ದು ನಿಲ್ಲುತ್ತೆ. ದೊಡ್ಡದಕ್ಕೆ ಶಕ್ತಿ ಜಾಸ್ತಿ, ಇನ್ನೂ ಬೇಗ ಏಳುತ್ತೆ’ ಅಂದರು. ತಪ್ಪು ಗಾಡಿಯದಾಗಿರಲಿಲ್ಲ, ಕಟ್ಟಿದ ಜಾಗದ್ದಾಗಿತ್ತು!

ಅಂದಿನಿಂದ ನಮ್ಮ ತೋಟದಲ್ಲಿ ಮೂರು ಕಾನೂನು. ಎಳೆಯುವ ಭಾರ ಏನಿದ್ದರೂ ಕೆಳಗಿನ ಹುಕ್ಕಿಗೇ. ಟ್ರ್ಯಾಕ್ಟರಿಗೆ ಇರುವುದು ಒಂದೇ ಸೀಟು, ಅದು ಓಡಿಸುವವರದು. ಮಡ್‌ಗಾರ್ಡ್ ಮೇಲೆ ಮಕ್ಕಳಿರಲಿ, ದೊಡ್ಡವರೂ ಕೂರುವಂತಿಲ್ಲ. ಹೀಗೆ ಕೂತವರಿಗೆ ಏನಾದರೂ ಆದರೆ ವಿಮೆಯವರೂ ತಕರಾರು ತೆಗೆಯುತ್ತಾರೆ. ಮೂರನೆಯದು ನಮಗೆ, ಅಂದರೆ ಹೆಂಗಸರಿಗೆ. ಪಿಟಿಒ ಶಾಫ್ಟ್ ನಿಮಿಷಕ್ಕೆ 540 ಸುತ್ತು ತಿರುಗುತ್ತದೆ, ಸೆಕೆಂಡಿಗೆ ಒಂಬತ್ತು ಸುತ್ತು! ಸೆರಗೋ ದುಪಟ್ಟಾನೋ ಜಡೆಯೋ ಸಿಕ್ಕಿದರೆ ‘ಅಯ್ಯೋ’ ಅನ್ನಲೂ ಸಮಯ ಇರೋಲ್ಲ. ಶಾಫ್ಟಿನ ಮೇಲೆ ಪ್ಲಾಸ್ಟಿಕ್ ಕವಚ ಇರಲೇಬೇಕು. ಎಂಜಿನ್ ಪೂರ್ತಿ ನಿಲ್ಲಿಸದೆ ಹಿಂದೆ ಹೋಗಲೇಬೇಡಿ.

ಹಾಗಾದರೆ ದೊಡ್ಡದು ಯಾರಿಗೆ ಬೇಕು?

ದೊಡ್ಡ ಟ್ರ್ಯಾಕ್ಟರ್ ದಂಡ ಅಂತ ನಾನು ಹೇಳುತ್ತಿಲ್ಲ. ಪಕ್ಕದ ಜಮೀನನ್ನೂ ಗುತ್ತಿಗೆ ಹಿಡಿದವರಿಗೆ, ಎರೆಮಣ್ಣೇ ಹೆಚ್ಚಿರುವವರಿಗೆ, ಊರಿನಲ್ಲಿ ಬಾಡಿಗೆಗೆ ಬಿಡಲು ನಂಬಿಕೆಯ ಡ್ರೈವರ್ ಇರುವವರಿಗೆ ಅದು ಸರಿ. ಸಣ್ಣ ಗಾಡಿಗೆ ಮೀರಿದ ಕೆಲಸ ಕೊಟ್ಟು ವರ್ಷ ವರ್ಷ ಕ್ಲಚ್ ಬದಲಾಯಿಸುತ್ತಿದ್ದರೆ ಅದೂ ದೊಡ್ಡದಕ್ಕೆ ಹೋಗಿ ಅನ್ನುವ ಸೂಚನೆಯೇ.

ಬಾಡಿಗೆಯಲ್ಲಿ ತೊಂದರೆ ಇಲ್ಲ ಅಂತಲೂ ಅಲ್ಲ. ಒಂದು ವರ್ಷ ಒಳ್ಳೇ ಮಳೆ ಬಿದ್ದು ಹದ ಬಂದಿತ್ತು. ಆದರೆ ಟ್ರ್ಯಾಕ್ಟರಿನವರು ‘ನಾಳೆ ಬತ್ತೀನಿ ಅಮ್ಮಾ’ ಅಂತ ಎಂಟು ದಿನ ತಳ್ಳಿದರು. ಹದ ತಪ್ಪಿತು, ರಾಗಿಗಿಂತ ಕಳೆಯೇ ಹೆಚ್ಚು ಬೆಳೆಯಿತು. ಊರಿನವರ ಕೆಲಸ ಮುಗಿದ ಮೇಲೇ ನಮ್ಮಂಥ ಶನಿವಾರದ ರೈತರ ಸರದಿ! ಅದಕ್ಕೇ ಈಗ ಯುಗಾದಿಗೆ ಮುಂಚೆಯೇ ಮುಂಗಡ ಕೊಟ್ಟು ಹೇಳಿಬಿಡುತ್ತೇವೆ. ಸರ್ಕಾರದ ‘ಕೃಷಿ ಯಂತ್ರಧಾರೆ’ ಬಾಡಿಗೆ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ, ಅಲ್ಲೂ ವಿಚಾರಿಸಿಡಿ.

ಕೊನೆಗೆ ನಾವೇನು ಮಾಡಿದೆವು? 41 ಸಾವಿರ ಖರ್ಚು ಮಾಡಿ ಸಣ್ಣದಕ್ಕೇ ಹೊಸ ಹಿಂದಿನ ಟೈರು, ಮುಂದೆ ಹಾಕುವ ತೂಕದ ಕಬ್ಬಿಣ, ಪಿಟಿಒ ಕವಚ ಹಾಕಿಸಿ, ಪೂರ್ತಿ ಸರ್ವಿಸ್ ಮಾಡಿಸಿದೆವು. ಮಗಳ ಎಫ್‌ಡಿ ಹಾಗೇ ಇದೆ. ಪಹಣಿಯ ಋಣದ ಕಾಲಂ ಖಾಲಿ ಇದೆ.

ಇವರ ಆಸೆ? ವಾರವಿಡೀ ಕಂಪ್ಯೂಟರ್ ಮುಂದೆ ಕೂರುವವರಿಗೆ ಆ ಟ್ರ್ಯಾಕ್ಟರ್ ಸೀಟಿನಲ್ಲಿ ಸಿಗುವ ಖುಷಿ ನನಗೆ ಗೊತ್ತು. ಆಸೆ ಪಡುವುದು ತಪ್ಪಲ್ಲ. ಆದರೆ ಅದನ್ನು ‘ಉಳಿತಾಯ’ ಅಂತ ಬರೆಯಬೇಡಿ, ‘ಆಸೆ’ ಅಂತಲೇ ಬರೆಯಿರಿ. ಆಗ ಎಷ್ಟು ಖರ್ಚು ಮಾಡಬಹುದು ಅನ್ನುವುದು ತಾನಾಗೇ ಗೊತ್ತಾಗುತ್ತದೆ. ಮೀಟರ್ ವರ್ಷಕ್ಕೆ 200 ಗಂಟೆ ದಾಟಿದ ದಿನ ನಾನೇ ಶೋರೂಮಿಗೆ ಕರೆದುಕೊಂಡು ಹೋಗ್ತೀನಿ ಅಂತ ಮಾತು ಕೊಟ್ಟಿದ್ದೇನೆ.

ಸಹಿಗೆ ಮುನ್ನ ಇಷ್ಟು ಮಾಡಿ

* ಗಂಟೆ ಮೀಟರನ್ನು ಪ್ರತಿ ತಿಂಗಳು ಬರೆದಿಡಿ. ಬಾಡಿಗೆ ಕೊಟ್ಟದ್ದನ್ನೂ ಬರೆಯಿರಿ.

* ಗೇಟು, ಸಾಲು, ತಿರುಗುವ ಜಾಗ, ಶೆಡ್ಡಿನ ಎತ್ತರ ಅಳೆದುಕೊಂಡು ಹೋಗಿ.

* 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿಯಿತು. ಬಿಲ್ಲಿನಲ್ಲಿ ಅದು ಕಾಣಬೇಕು. ಆದರೆ ತೆರಿಗೆ ಇಳಿಯಿತು ಅಂತ ಬೇಡದ್ದನ್ನು ಕೊಳ್ಳಬೇಡಿ.

* ಸಹಾಯಧನ ಇದೆಯಾ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೊಳ್ಳುವ ಮುಂಚೆ ಕೇಳಿ.

* ಸಾಲಕ್ಕೆ ಗಾಡಿ ಮಾತ್ರ ಅಡವೋ, ಜಮೀನೂ ಸೇರುತ್ತದೋ? ಓದಿ ನೋಡಿ. ಅರ್ಥವಾಗದಿದ್ದರೆ ಕಾಗದ ಮನೆಗೆ ತನ್ನಿ.

* ಹೊಸ ಗಾಡಿಯಾದರೆ ರೋಲ್ ಬಾರ್, ಸೀಟ್ ಬೆಲ್ಟ್ ಇರುವುದನ್ನೇ ಕೇಳಿ.

* ನೀವೇ ಒಮ್ಮೆ ಸೀಟಿನಲ್ಲಿ ಕೂತು ಕ್ಲಚ್, ಬ್ರೇಕು ಕಾಲಿಗೆ ಎಟುಕುತ್ತದಾ ನೋಡಿ. ಸಹಿ ನಿಮ್ಮದಾದ ಮೇಲೆ ಸ್ಟೀರಿಂಗೂ ನಿಮ್ಮದೇ ಅಲ್ವೇ?