ಗ್ರಂಥಾಲಯದ ಹಣದಲ್ಲಿ ಹೆಂಚು ಹೊದಿಸಬಹುದೆ?

ಪ್ರಶ್ನೆ: ಮಳೆಗೆ ನಮ್ಮೂರ ಸರ್ಕಾರಿ ಶಾಲೆಯ ಹೆಂಚು ಹಾರಿಹೋಗಿದೆ. ಕೇಂದ್ರದಿಂದ ಗ್ರಂಥಾಲಯಕ್ಕೆಂದು ಬಂದ ಹಣವನ್ನು ಅದಕ್ಕೆ ಬಳಸಬಹುದೆ?
– ಓದುಗರು, ಬಾಳೆಲೆ

ಉತ್ತರ: ಗ್ರಂಥಾಲಯದ ಹಣವನ್ನು ಪುಸ್ತಕಕ್ಕೇ ಬಳಸಬೇಕು. ಆದರೆ ನಿಮಗೆ ಬೇರೆ ದಾರಿಯಿದೆ.

2018ರಲ್ಲಿ ಸರ್ವ ಶಿಕ್ಷಾ ಅಭಿಯಾನ, ಮಾಧ್ಯಮಿಕ ಶಿಕ್ಷಾ ಅಭಿಯಾನ ಮತ್ತು ಶಿಕ್ಷಕರ ಶಿಕ್ಷಣ ಯೋಜನೆಗಳನ್ನು ಸೇರಿಸಿ ಗ್ರಂಥಾಲಯದ ಹಣ ಬರುವ ‘ಸಮಗ್ರ ಶಿಕ್ಷಾ’ ಯೋಜನೆಯನ್ನು ರೂಪಿಸಲಾಯಿತು. ನಮ್ಮ ರಾಜ್ಯದಲ್ಲಿ ಇದರ ವೆಚ್ಚದ ಶೇ. 60 ಕೇಂದ್ರದ್ದು, ಶೇ. 40 ರಾಜ್ಯದ್ದು. ರಾಜ್ಯ ಪ್ರತಿವರ್ಷ ಯೋಜನೆ ಕಳಿಸುತ್ತದೆ. ಕೇಂದ್ರ ಬಾಬ್ತುವಾರು ಒಪ್ಪಿಗೆ ಕೊಡುತ್ತದೆ. ಹಾಗಾಗಿ ಒಂದು ಬಾಬ್ತಿನ ಹಣವನ್ನು ಶಾಲೆ ತಾನಾಗಿ ಇನ್ನೊಂದಕ್ಕೆ ತಿರುಗಿಸುವಂತಿಲ್ಲ.

ನಮ್ಮಲ್ಲಿ ಶಾಲೆಯ ಕೈಗೆ ಸಿಗುವ ಸ್ವಾತಂತ್ರ್ಯವೆಂದರೆ ಸಂಯುಕ್ತ ಶಾಲಾ ಅನುದಾನ. ಸಮಗ್ರ ಶಿಕ್ಷಾ ಮಾರ್ಗಸೂಚಿಯಂತೆ 30 ಮಕ್ಕಳವರೆಗಿನ ಶಾಲೆಗೆ ವರ್ಷಕ್ಕೆ 10,000 ರೂ., 100ರವರೆಗೆ 25,000 ರೂ., 250ರವರೆಗೆ 50,000 ರೂ. ಸಣ್ಣ ದುರಸ್ತಿ, ವಿದ್ಯುತ್ ಬಿಲ್ಲು, ನೀರು, ಬೋಧನೋಪಕರಣ ಎಲ್ಲಕ್ಕೂ ಇದನ್ನೇ ಬಳಸಬಹುದು, ಶೇ. 10ರಷ್ಟಾದರೂ ಸ್ವಚ್ಛತೆಗೆ ಹೋಗಬೇಕು. ನಾಲ್ಕಾರು ಹೆಂಚು ಬದಲಿಸಲು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿ.

ಇಡೀ ಮಾಡೇ ಹೋಗಿದ್ದರೆ ಈ ಮೊತ್ತ ಸಾಲದು. ನಿಮ್ಮ ಕೊಡಗಿನಂಥ ಮಳೆನಾಡಿನ ಪುಟ್ಟ ಶಾಲೆಗೆ ಮಕ್ಕಳ ಲೆಕ್ಕದ ಅನುದಾನ ನಿಜಕ್ಕೂ ಅನ್ಯಾಯ. ಆದರೂ ಒಂದು ದಾರಿಯಿದೆ: ಶಿಕ್ಷಣ ಹಕ್ಕು ಕಾಯ್ದೆಯಡಿ ಶಾಲಾಭಿವೃದ್ಧಿ ಯೋಜನೆ ಬರೆಯುವುದು ಈ ಸಮಿತಿಯ ಕೆಲಸ. ಅದರಲ್ಲಿ ಮಾಡಿನ ಬೇಡಿಕೆ ದಾಖಲಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಇಂದೇ ಕೊಡಿ.